ನಮ್ಮ ವಿಡಿಯೋ ಪಾಠದ ಮೂಲ ಪ್ರತಿ ಎಲ್ಲಿದೆ?

2020ರ ಜೂನ್ 1ರಂದು ಕೇರಳದ ಶಾಲೆಗಳ ಬಾಗಿಲು ತೆರೆಯಲಿಲ್ಲ. ಬದಲಿಗೆ ಕೈಟ್ ವಿಕ್ಟರ್ಸ್ ಚಾನೆಲಿನಲ್ಲಿ ‘ಫಸ್ಟ್ ಬೆಲ್’ ಪಾಠಗಳು ಶುರುವಾದವು. ಕನ್ನಡ ಮಾಧ್ಯಮದ ಪಾಠಗಳೂ ತಯಾರಾದವು. ಆದರೂ ಕಾಸರಗೋಡಿನ ನಮ್ಮ ಮಕ್ಕಳಿಗೆ ತಮ್ಮ ಶಾಲೆಯ ಟೀಚರ ಮುಖ ಕಾಣಬೇಕು, ತಮ್ಮ ಊರಿನ ಮಾತು ಕೇಳಬೇಕು ಅನ್ನುವ ಆಸೆ. ಹಾಗಾಗಿ ನಾವು ನಾಲ್ಕು ಜನ ಸೇರಿ, ಶಾಲೆಯ ಲ್ಯಾಬಿನಲ್ಲೇ ಒಂದು ಮೊಬೈಲ್ ಇಟ್ಟು, 14 ವಿಜ್ಞಾನ ಪಾಠಗಳನ್ನು ಚಿತ್ರೀಕರಿಸಿದೆವು. ವಾಟ್ಸಾಪಿನಲ್ಲಿ ಆಗ 16 ಎಂಬಿಗಿಂತ ದೊಡ್ಡ ವಿಡಿಯೋ ಹೋಗುತ್ತಿರಲಿಲ್ಲ. 20 ನಿಮಿಷದ ಪಾಠವನ್ನು ನಾಲ್ಕು ತುಂಡು ಮಾಡಿ ಕಳಿಸಿದೆವು.

ಮರುದಿನ ಎಂಟನೆಯ ತರಗತಿಯ ಒಬ್ಬ ಹುಡುಗನ ಫೋನ್ ಬಂತು. “ಟೀಚರ್, ದ್ರವ ಅಂದ್ರೆ ಒಂದು ಸ್ಥಿತಿ ಅಂತ ನೀವೇ ಹೇಳಿದ್ದಲ್ವಾ? ಮತ್ತೆ ದ್ರವಕ್ಕೆ ಮೂರು ಸ್ಥಿತಿ ಇರುವುದು ಹೇಗೆ?”

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ನನ್ನ ಸ್ಲೈಡನ್ನು ಅದೇ ವಾಟ್ಸಾಪ್ ಪ್ರತಿಯಲ್ಲಿ ನೋಡಿದೆ. ನಾನು ಬರೆದದ್ದು “ದ್ರವ್ಯದ ಮೂರು ಸ್ಥಿತಿಗಳು”. ಪರದೆಯಲ್ಲಿ ಯ-ಒತ್ತು ಮಸುಕಾಗಿ, ಸಾಲಿನ ಕೆಳಗಿನ ಕಲೆಯ ಹಾಗೆ ಕಾಣುತ್ತಿತ್ತು. ದ್ರವ್ಯ ಹೋಗಿ ದ್ರವ ಆಗಿತ್ತು! ಧ್ವನಿಯೂ ಸಣ್ಣದಾಗಿದ್ದುದರಿಂದ ಹುಡುಗ ಪರದೆ ನೋಡಿಯೇ ನೋಟ್ಸ್ ಬರೆದಿದ್ದ. ತಪ್ಪು ಅವನದಲ್ಲ.

ಎರಡನೆಯ ಪೆಟ್ಟು ಬಿದ್ದದ್ದು ಕಳೆದ ವರ್ಷ. ಪರೀಕ್ಷೆಗೆ ಮುಂಚೆ ಪುನರಾವರ್ತನೆಗೆಂದು ಒಂದು ಟಿವಿ ಚಾನೆಲಿನವರು ಆ ಪಾಠಗಳನ್ನು ಕೇಳಿದರು. ಹುಡುಕಿದರೆ ನಮ್ಮಲ್ಲಿ ಉಳಿದದ್ದು ವಾಟ್ಸಾಪಿನ ತುಂಡುಗಳು ಮಾತ್ರ. ಮೊಬೈಲಿನ ಮೆಮೊರಿ ಕಾರ್ಡನ್ನು ಕ್ರೀಡಾಕೂಟದ ಫೋಟೋಗೆ ಜಾಗ ಬೇಕೆಂದು ನಾವೇ ಖಾಲಿ ಮಾಡಿದ್ದೆವು. ಆ 14ರಲ್ಲಿ ಐದು ಪಾಠ ನಮ್ಮ ರಸಾಯನಶಾಸ್ತ್ರದ ಹಿರಿಯ ಮಾಷ್ಟ್ರದ್ದು. ಅವರು ನಿವೃತ್ತರಾಗಿ ಮೂರು ವರ್ಷ ಆಯ್ತು, ಅವರ ಹಾಗೆ ಪ್ರಯೋಗ ಮಾಡಿ ತೋರಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ವಿಷಯ ತಿಳಿಸಿದಾಗ ಅವರು ನಕ್ಕು, “ಬೋರ್ಡ್ ಒರೆಸಿದ ಹಾಗೆ ಒರೆಸಿಬಿಟ್ಟಿರಾ?” ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ನಾವೆಲ್ಲ ಈಗ ವಿಡಿಯೋ ಮಾಡುತ್ತಿದ್ದೇವೆ. ಮಾಡುವುದು ಕಲಿತೆವು, ಉಳಿಸುವುದು ಕಲಿಯಲಿಲ್ಲ. ಆದ್ದರಿಂದ ಈ ಲೇಖನ.

ಬಿತ್ತದ ಭತ್ತ ಬೇರೆ, ಅನ್ನದ ಭತ್ತ ಬೇರೆ

ಗದ್ದೆ ಇದ್ದ ಮನೆಗಳಲ್ಲಿ ಬಿತ್ತಕ್ಕೆಂದು ಒಳ್ಳೆಯ ಭತ್ತವನ್ನು ಬೇರೆಯೇ ಕಟ್ಟಿ ಇಡುತ್ತಿದ್ದರು. ಎಷ್ಟೇ ಕಷ್ಟ ಬಂದರೂ ಅದನ್ನು ಕುಟ್ಟಿ ಅನ್ನ ಮಾಡುತ್ತಿರಲಿಲ್ಲ. ವಿಡಿಯೋದಲ್ಲಿ ಬಿತ್ತದ ಭತ್ತಕ್ಕೆ ‘ಮಾಸ್ಟರ್’ ಎನ್ನುತ್ತಾರೆ. ಎಡಿಟಿಂಗ್ ಪೂರ್ತಿ ಮುಗಿದ ಮೇಲೆ, ಗುಣಮಟ್ಟ ಕಡಿಮೆ ಮಾಡದೆ ತೆಗೆದಿಡುವ ಒಂದು ಫೈಲು ಅದು. ಟಿವಿಗೆ, ಯೂಟ್ಯೂಬಿಗೆ, ವಾಟ್ಸಾಪಿಗೆ ಕೊಡುವುದೆಲ್ಲ ಅದರಿಂದ ಹುಟ್ಟಿದ ‘ವಿತರಣಾ ಪ್ರತಿಗಳು’. ವೃತ್ತಿಪರರು ಮಾಸ್ಟರನ್ನು ಯಾರಿಗೂ ಹಂಚುವುದಿಲ್ಲ, ಹಂಚುವ ಪ್ರತಿಯಿಂದ ಇನ್ನೊಂದು ಪ್ರತಿ ತೆಗೆಯುವುದೂ ಇಲ್ಲ. ಪ್ರಶ್ನೆಪತ್ರಿಕೆಯ ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಹೇಗಿರುತ್ತದೆ ಎಂದು ನಮಗೆ ಗೊತ್ತೇ ಇದೆಯಲ್ಲ.

ಇಷ್ಟು ಎಚ್ಚರ ಏಕೆ? ಲೆಕ್ಕ ಹಾಕಿ ನೋಡೋಣ.

ಒಂದು ಸೆಕೆಂಡಿನ ಭಾರ

ಪೂರ್ಣ ಎಚ್‌ಡಿ ಚಿತ್ರದಲ್ಲಿ 1920 × 1080 = 20,73,600 ಪಿಕ್ಸೆಲ್. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ ತಲಾ 8 ಬಿಟ್, ಒಟ್ಟು 24 ಬಿಟ್. ಸೆಕೆಂಡಿಗೆ 25 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 124 ಕೋಟಿ ಬಿಟ್, ಅಂದರೆ 1,244 ಮೆಗಾಬಿಟ್. ಫೈಲಿನ ಗಾತ್ರ ಬೇಕಾದರೆ ಸೂತ್ರ ಸರಳ: ಮೆಗಾಬಿಟ್ × ಸೆಕೆಂಡು ÷ 8 = ಎಂಬಿ.

20 ನಿಮಿಷದ ಪಾಠಕ್ಕೆ ಹೀಗಾಗುತ್ತದೆ:

ಏನೂ ಕುಗ್ಗಿಸದೆ (1,244 ಮೆಗಾಬಿಟ್): ಸುಮಾರು 187 ಜಿಬಿ
ಪ್ರೋರೆಸ್ 422 ಎಚ್‌ಕ್ಯೂ (184 ಮೆಗಾಬಿಟ್): 27.6 ಜಿಬಿ
ಪ್ರೋರೆಸ್ 422 (122 ಮೆಗಾಬಿಟ್): 18.3 ಜಿಬಿ
ಎಕ್ಸ್‌ಡಿಕ್ಯಾಮ್ ಎಚ್‌ಡಿ422 (50 ಮೆಗಾಬಿಟ್): 7.5 ಜಿಬಿ
ಯೂಟ್ಯೂಬಿಗೆ ಹಾಕುವ ಎಂಪಿ4 (8 ಮೆಗಾಬಿಟ್): 1.2 ಜಿಬಿ
ನಮ್ಮ ವಾಟ್ಸಾಪ್ ತುಂಡುಗಳು (0.4 ಮೆಗಾಬಿಟ್): 60 ಎಂಬಿ

ಮೊದಲ ಸಾಲು, ಕೊನೆಯ ಸಾಲು ಹೋಲಿಸಿ. ಮೂರು ಸಾವಿರ ಪಾಲಿನಲ್ಲಿ ಒಂದು ಪಾಲು ಮಾತ್ರ ಉಳಿದಿದೆ. ನಮ್ಮ ತುಂಡುಗಳ ಅಳತೆ 640 × 360, ಅಂದರೆ ಪಿಕ್ಸೆಲ್ಲುಗಳೇ ಒಂಬತ್ತರಲ್ಲಿ ಒಂದು. ಮಿಕ್ಕ ಕಡಿತ ಎಲ್ಲಿಂದ ಬಂತು?

ಎರಡು ದಾರಿಗಳಿಂದ. ಒಂದು, ಒಂದೇ ಚಿತ್ರದೊಳಗೆ ಕುಗ್ಗಿಸುವುದು. ಗೋಡೆಯ ಹಾಗೆ ನಯವಾದ ಜಾಗವನ್ನು ಕಡಿಮೆ ಬಿಟ್‌ಗಳಲ್ಲಿ ಹೇಳಿಬಿಡಬಹುದು. ಸಣ್ಣ ಸಣ್ಣ ಗೆರೆ ಇರುವ ಜಾಗಕ್ಕೆ ಹೆಚ್ಚು ಬಿಟ್ ಬೇಕು. ಬಿಟ್ ಸಾಲದಾದಾಗ ಮೊದಲು ಹೋಗುವುದು ಈ ಸಣ್ಣ ಗೆರೆಗಳೇ. ಕನ್ನಡದ ಒತ್ತಕ್ಷರ ಮೂಲ ಅಕ್ಷರಕ್ಕಿಂತ ಚಿಕ್ಕದಲ್ಲವೇ? ಯ-ಒತ್ತು, ರ-ಒತ್ತು ಮೊದಲು ಬಲಿ. ಇಂಗ್ಲಿಷಿನ ದೊಡ್ಡಕ್ಷರ ಚೆನ್ನಾಗಿ ಕಂಡಿತೆಂದ ಮಾತ್ರಕ್ಕೆ ಕನ್ನಡ ಸರಿ ಕಾಣುತ್ತದೆ ಎಂದು ಹೇಳುವ ಹಾಗಿಲ್ಲ.

ಎರಡು, ಚಿತ್ರಗಳ ನಡುವೆ ಕುಗ್ಗಿಸುವುದು. ಒಂದು ಚಿತ್ರವನ್ನು ಪೂರ್ತಿ ಇಟ್ಟು, ಮುಂದಿನವುಗಳಲ್ಲಿ ಬದಲಾದ ಭಾಗವನ್ನು ಮಾತ್ರ ಬರೆದಿಡುವುದು. ಎಂಪಿ4 ಫೈಲುಗಳಲ್ಲಿ ಸಾಮಾನ್ಯವಾಗಿ ಇರುವ ಎಚ್.264 ಹೀಗೆ ಮಾಡುತ್ತದೆ. ನೋಡುವುದಕ್ಕೆ ಇದು ಚೆನ್ನಾಗಿದೆ, ಮತ್ತೆ ಕತ್ತರಿಸಿ ಜೋಡಿಸುವುದಕ್ಕೆ ಕಷ್ಟ. ಪ್ರೋರೆಸ್, ಡಿಎನ್‌ಎಕ್ಸ್‌ಎಚ್‌ಡಿಗಳಲ್ಲಿ ಪ್ರತಿ ಚಿತ್ರವೂ ಸ್ವತಂತ್ರ. ಆದ್ದರಿಂದಲೇ ಮಾಸ್ಟರಿಗೆ ಅವನ್ನು ಆರಿಸುತ್ತಾರೆ. ಏನೂ ನಷ್ಟವಾಗದೆ ಕುಗ್ಗಿಸುವ ಎಫ್‌ಎಫ್‌ವಿ1 ಎಂಬ ವಿಧಾನವೂ ಇದೆ. ಅದು ಉಚಿತ, ದಾಖಲೆ ಕಾಪಾಡುವ ಸಂಗ್ರಹಾಲಯಗಳು ಅದನ್ನು ಬಳಸುತ್ತವೆ.

ಒಮ್ಮೆ ಬಿಸಾಡಿದ ಬಿಟ್ ಮತ್ತೆ ಬರುವುದಿಲ್ಲ. ನಾವು ಅದನ್ನೂ ಪರೀಕ್ಷೆ ಮಾಡಿಬಿಟ್ಟೆವು! ವಾಟ್ಸಾಪ್ ತುಂಡುಗಳನ್ನು ಜೋಡಿಸಿ, 1920 × 1080ಕ್ಕೆ ಹಿಗ್ಗಿಸಿ, 50 ಮೆಗಾಬಿಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ಕಳಿಸಿದೆವು. ಫೈಲು 7.5 ಜಿಬಿ ಆಯ್ತು, ಚಿತ್ರ ಮಾತ್ರ ಹಾಗೇ ಮಸುಕು. ಚಾನೆಲಿನವರು ಒಂದು ನಿಮಿಷ ನೋಡಿ ವಾಪಸ್ ಕಳಿಸಿದರು. ಒಂದು ಸೌಟು ಸಾರನ್ನು ದೊಡ್ಡ ಪಾತ್ರೆಗೆ ಹೊಯ್ದರೆ ಸಾರು ಹೆಚ್ಚಾಗುತ್ತದೆಯೇ?

ಚಾನೆಲಿನವರು ಕೊಟ್ಟ ಚೀಟಿ

ವಾಪಸ್ ಕಳಿಸುವಾಗ ಅವರು ಒಂದು ಚೀಟಿ ಕೊಟ್ಟರು. ಅದರಲ್ಲಿ ಇದ್ದದ್ದು: 1080/50ಐ, 4:2:2, 50 ಎಂಬಿಪಿಎಸ್, ಎಂಎಕ್ಸ್‌ಎಫ್, ಲೆವೆಲ್ 16–235, ಧ್ವನಿ 48 ಕಿಲೋಹರ್ಟ್ಸ್, −23 ಎಲ್‌ಯುಎಫ್‌ಎಸ್. ಮೊದಲು ನೋಡಿದಾಗ ಮಂತ್ರದ ಹಾಗೆ ಕಂಡಿತು. ಒಂದೊಂದಾಗಿ ಬಿಡಿಸಿದರೆ ಎಲ್ಲ ನಮ್ಮ ಪಾಠಪುಸ್ತಕದ ವಿಜ್ಞಾನವೇ.

1080/50ಐ: 1080 ಅಂದರೆ ಅಡ್ಡಸಾಲುಗಳು. 50ಐ ಅಂದರೆ ಸೆಕೆಂಡಿಗೆ 50 ಅರ್ಧ ಚಿತ್ರಗಳು. ಮೊದಲು 1, 3, 5ನೆಯ ಸಾಲುಗಳು, ಆಮೇಲೆ 2, 4, 6ನೆಯ ಸಾಲುಗಳು. ಈ ಅರ್ಧಕ್ಕೆ ‘ಫೀಲ್ಡ್’ ಎಂದು ಹೆಸರು. ಎರಡು ಫೀಲ್ಡ್ ಸೇರಿ ಒಂದು ಫ್ರೇಮ್, ಹೀಗೆ ಸೆಕೆಂಡಿಗೆ 25 ಫ್ರೇಮ್. ಫೀಲ್ಡುಗಳ ಕ್ರಮ ಅದಲುಬದಲಾದರೆ ಚಲಿಸುವ ಕೈ ಹಿಂದೆ ಮುಂದೆ ನಡುಗಿದ ಹಾಗೆ ಕಾಣುತ್ತದೆ. ಎಚ್‌ಡಿಯಲ್ಲಿ ಮೇಲಿನ ಫೀಲ್ಡ್ ಮೊದಲು ಬರಬೇಕು.

ಈ 50, 25 ಎಲ್ಲಿಂದ ಬಂತು? ನಮ್ಮ ಮನೆಯ ಕರೆಂಟಿನಿಂದ. 50 ಹರ್ಟ್ಸ್ ವಿದ್ಯುತ್ ಇರುವ ದೇಶಗಳು ಟಿವಿಯ ವೇಗವನ್ನು ಅದಕ್ಕೆ ಹೊಂದಿಸಿಕೊಂಡವು, 60 ಹರ್ಟ್ಸ್ ಇರುವ ಅಮೆರಿಕ 30ರ ಲೆಕ್ಕ ಹಿಡಿಯಿತು. ನಮ್ಮ ಮೊಬೈಲುಗಳು ಸಾಮಾನ್ಯವಾಗಿ 30 ಫ್ರೇಮಿನಲ್ಲಿ ಚಿತ್ರೀಕರಿಸುತ್ತವೆ. ಅದನ್ನು 25ಕ್ಕೆ ತರಬೇಕಾದರೆ ಪ್ರತಿ ಆರು ಫ್ರೇಮಿಗೆ ಒಂದನ್ನು ಕೈಬಿಡಬೇಕು. ಲೋಲಕ ತೂಗುವುದನ್ನು ತೋರಿಸುವಾಗ ಅದು ಎಡವಿದಂತೆ ಕಾಣುತ್ತದೆ. ಆವರ್ತನ ಕಾಲದ ಪಾಠದಲ್ಲಿ ಲೋಲಕವೇ ಎಡವಿದರೆ ಹೇಗೆ? ಹಾಗಾಗಿ ಚಿತ್ರೀಕರಣದ ಮೊದಲೇ ಮೊಬೈಲನ್ನು 25ಕ್ಕೆ ಇಡಿ. ಆ ಆಯ್ಕೆ ಇಲ್ಲದ ಮೊಬೈಲಿಗೆ ಅದನ್ನು ಕೊಡುವ ಕ್ಯಾಮೆರಾ ಆಪ್ ಸಿಗುತ್ತದೆ.

ಹಳೆಯ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಸಲ ಏರಿ ಇಳಿಯುತ್ತದೆ. ಶಟರ್ 1/50 ಅಥವಾ 1/100 ಸೆಕೆಂಡ್ ಇದ್ದರೆ ಪ್ರತಿ ಫ್ರೇಮಿಗೂ ಪೂರ್ಣ ಏರಿಳಿತ ಸಿಗುತ್ತದೆ, ಬೆಳಕು ಸಮವಾಗಿರುತ್ತದೆ. ಬೇರೆ ಇದ್ದರೆ ಪರದೆ ಮೇಲೆ ಕಪ್ಪು ಪಟ್ಟಿಗಳು ಓಡುತ್ತವೆ.

4:2:2: ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಚುರುಕಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟು ಹಿಡಿಯುವುದಿಲ್ಲ. ರೆಟಿನಾದ ಪಾಠದಲ್ಲಿ ದಂಡಕೋಶ, ಶಂಕುಕೋಶ ಹೇಳುವಾಗ ಇದನ್ನೂ ಸೇರಿಸಬಹುದು. ಅದನ್ನೇ ಬಳಸಿಕೊಂಡು ವಿಡಿಯೋದಲ್ಲಿ ಬೆಳಕಿನ ಮಾಹಿತಿಯನ್ನು ಪೂರ್ತಿ ಇಟ್ಟು ಬಣ್ಣದ ಮಾಹಿತಿಯನ್ನು ಕಡಿಮೆ ಮಾಡುತ್ತಾರೆ. 4:2:2ರಲ್ಲಿ ಅಕ್ಕಪಕ್ಕದ ಎರಡು ಪಿಕ್ಸೆಲ್ಲಿಗೆ ಒಂದು ಬಣ್ಣ. ಮೊಬೈಲ್, ಯೂಟ್ಯೂಬಿನ 4:2:0ರಲ್ಲಿ ನಾಲ್ಕು ಪಿಕ್ಸೆಲ್ಲಿಗೆ ಒಂದೇ ಬಣ್ಣ.

ಇದರಿಂದ ಸ್ಲೈಡ್ ಮಾಡುವವರಿಗೆ ಒಂದು ಪಾಠ ಇದೆ. ಎಚ್‌ಡಿ ಲೆಕ್ಕದಲ್ಲಿ ಬೆಳಕಿಗೆ ಕೆಂಪಿನ ಪಾಲು ಸುಮಾರು ಶೇಕಡಾ 21, ಹಸಿರಿನದು 72, ನೀಲಿಯದು 7. ನೀಲಿ ಹಿನ್ನೆಲೆಯಲ್ಲಿ ಕೆಂಪು ಅಕ್ಷರ ಬರೆದರೆ ಬೆಳಕಿನ ವ್ಯತ್ಯಾಸ ಬರೀ 14. ಅಕ್ಷರ ನಿಂತಿರುವುದು ಬಣ್ಣದ ಬಲದಿಂದ ಮಾತ್ರ, ಬಣ್ಣವೋ ಕಾಲು ಪಾಲಾಗಿದೆ. ಅಂಚು ಕಲಸಿಹೋಗದೆ ಇನ್ನೇನು? ನನ್ನ ‘ದ್ರವ್ಯ’ ಇದ್ದದ್ದು ಇದೇ ಬಣ್ಣದಲ್ಲಿ. ಕಡು ನೀಲಿಯ ಮೇಲೆ ಹಳದಿ ಬರೆದರೆ ವ್ಯತ್ಯಾಸ 80 ದಾಟುತ್ತದೆ.

ಎಂಎಕ್ಸ್‌ಎಫ್: ಇದು ಡಬ್ಬಿಯ ಹೆಸರು. ಎಂಪಿ4, ಎಂಒವಿ, ಎಂಕೆವಿ ಎಲ್ಲ ಡಬ್ಬಿಗಳೇ. ಒಳಗೆ ಯಾವ ವಿಧಾನದಲ್ಲಿ ಕುಗ್ಗಿಸಿದ ಚಿತ್ರ ಇದೆ ಅನ್ನುವುದು ಬೇರೆ ಮಾತು. ಸಕ್ಕರೆ ಡಬ್ಬಿಯಲ್ಲಿ ಉಪ್ಪು ತುಂಬಿಟ್ಟರೆ ಮೇಲಿನ ಚೀಟಿ ನೋಡಿ ಗೊತ್ತಾಗುವುದಿಲ್ಲವಲ್ಲ. ಫೈಲಿನ ಕೊನೆಯ ಮೂರಕ್ಷರ ಬದಲಿಸಿದರೆ ಒಳಗಿನದು ಬದಲಾಗುವುದಿಲ್ಲ. ಒಳಗೇನಿದೆ ಎಂದು ನೋಡಲು ಮೀಡಿಯಾಇನ್ಫೋ ಎಂಬ ಉಚಿತ ತಂತ್ರಾಂಶ ಇದೆ.

ಲೆವೆಲ್ 16–235: ಕಂಪ್ಯೂಟರಿನಲ್ಲಿ ಕಪ್ಪು 0, ಬಿಳಿ 255. ಟಿವಿಯಲ್ಲಿ ಕಪ್ಪು 16, ಬಿಳಿ 235. ಎರಡು ತುದಿಯಲ್ಲೂ ಸ್ವಲ್ಪ ಜಾಗ ಬಿಟ್ಟಿದ್ದಾರೆ. ಎಡಿಟಿಂಗ್ ತಂತ್ರಾಂಶ ಇದನ್ನು ತಾನೇ ಹೊಂದಿಸುತ್ತದೆ, ಆದರೆ ಎಕ್ಸ್‌ಪೋರ್ಟ್ ಮಾಡುವಾಗ ‘ಫುಲ್’, ‘ಲಿಮಿಟೆಡ್’ ಅನ್ನುವುದು ತಪ್ಪಿದರೆ ಕರಿಹಲಗೆಯ ಮಬ್ಬು ಗೆರೆಗಳು ಕಪ್ಪಿನಲ್ಲಿ ಮುಳುಗುತ್ತವೆ, ಬಿಳಿ ಕಾಗದದ ಪೆನ್ಸಿಲ್ ಗೆರೆ ಬಿಳಿಯಲ್ಲೇ ಕರಗುತ್ತದೆ.

−23 ಎಲ್‌ಯುಎಫ್‌ಎಸ್: ಇದು ಇಡೀ ಕಾರ್ಯಕ್ರಮದ ಸರಾಸರಿ ಗಟ್ಟಿತನದ ಅಳತೆ, ಕಿವಿಗೆ ಹೇಗೆ ಕೇಳಿಸುತ್ತದೋ ಆ ಲೆಕ್ಕದಲ್ಲಿ. ಯುರೋಪಿನ ಪ್ರಸಾರಕರ ಒಕ್ಕೂಟ 2010ರಲ್ಲಿ ಈ −23ನ್ನು ಶಿಫಾರಸು ಮಾಡಿತು. ಶಿಖರ ಮಟ್ಟ −1 ಡೆಸಿಬಲ್ ದಾಟಬಾರದು. ಯೂಟ್ಯೂಬಿನ ಮಟ್ಟ ಇದಕ್ಕಿಂತ ಗಟ್ಟಿ, ಸುಮಾರು −14. ನಮ್ಮ ಪಾಠ ಅಳೆದಾಗ −35 ಬಂತು! ಚಾನೆಲ್ ಕೇಳಿದ್ದಕ್ಕಿಂತ 12 ಡೆಸಿಬಲ್ ಕಡಿಮೆ. 6 ಡೆಸಿಬಲ್ಲಿಗೆ ಶಬ್ದದ ಒತ್ತಡ ಸುಮಾರು ಅರ್ಧವಾಗುತ್ತದೆ, 12ಕ್ಕೆ ಕಾಲು. ಹುಡುಗನಿಗೆ ಕೇಳಿಸಲಿಲ್ಲ ಅಂದದ್ದು ನಿಜವೇ. ಆಮೇಲೆ ಹೆಚ್ಚಿಸಬಹುದು, ಆದರೆ ಮಾತಿನ ಜೊತೆ ಫ್ಯಾನಿನ ಸದ್ದೂ ಹೆಚ್ಚುತ್ತದೆ. ಚಿಕ್ಕ ಕಾಲರ್ ಮೈಕ್ ಬಾಯಿಗೆ ಒಂದು ಗೇಣು ದೂರದಲ್ಲಿ ಸಿಕ್ಕಿಸುವುದೇ ಪರಿಹಾರ. ಮಟ್ಟ ಹೊಂದಿಸಲು ಅಡಾಸಿಟಿಯಲ್ಲಿ ‘ಲೌಡ್‌ನೆಸ್ ನಾರ್ಮಲೈಸೇಶನ್’ ಇದೆ, −23 ಎಂದು ಬರೆದರೆ ಸಾಕು.

ಅಕ್ಷರ ಇಲ್ಲದ ಮಾಸ್ಟರ್

ವೃತ್ತಿಪರರಲ್ಲಿ ಇನ್ನೊಂದು ಪದ್ಧತಿ ಇದೆ. ನಮಗೆ ಅದು ತುಂಬ ಉಪಯೋಗ. ಶೀರ್ಷಿಕೆ, ಹೆಸರು, ವಿವರಣೆ ಯಾವುದೂ ಇಲ್ಲದ ಚಿತ್ರದ ಮಾಸ್ಟರನ್ನು ಬೇರೆ ಇಡುತ್ತಾರೆ. ಧ್ವನಿಯಲ್ಲೂ ಮಾತನ್ನು ಒಂದು ಟ್ರ್ಯಾಕಿನಲ್ಲಿ, ಉಳಿದ ಸದ್ದು, ಸಂಗೀತವನ್ನು ಇನ್ನೊಂದರಲ್ಲಿ ಇಡುತ್ತಾರೆ. ಬೇರೆ ಭಾಷೆಗೆ ತರುವಾಗ ಚಿತ್ರೀಕರಣ ಮತ್ತೆ ಬೇಡ.

ಯೋಚಿಸಿ ನೋಡಿ. ಪಕ್ಕದ ಮಲಯಾಳಂ ವಿಭಾಗದ ಟೀಚರು ಒಂದು ಒಳ್ಳೆಯ ಪ್ರಯೋಗ ಚಿತ್ರೀಕರಿಸಿದ್ದಾರೆ. ಅಕ್ಷರ ಇಲ್ಲದ ಮಾಸ್ಟರ್ ಇದ್ದರೆ ಒಂದು ಸಂಜೆಯಲ್ಲಿ ಅದು ಕನ್ನಡ ಪಾಠ. ಕಾಸರಗೋಡಿನ ಪಾಠ ಅಕ್ಕಲಕೋಟೆಗೋ ತಾಳವಾಡಿಗೋ ಹೋದಾಗಲೂ ಹಾಗೆಯೇ. ನಮ್ಮ ನಮ್ಮ ರಾಜ್ಯದ ಪಠ್ಯಪುಸ್ತಕ ಬೇರೆ, ಪಾರಿಭಾಷಿಕ ಪದ ಬೇರೆಯಾಗಿರಬಹುದು. ಅಲ್ಲಿನವರು ತಮ್ಮ ಪದ ಹಾಕಿಕೊಳ್ಳಲಿ. ಅಕ್ಷರವನ್ನು ಚಿತ್ರದೊಳಗೇ ಅಂಟಿಸಿ ಒಂದೇ ಪ್ರತಿ ಇಟ್ಟರೆ ಆ ದಾರಿ ಮುಚ್ಚಿದಂತೆ.

ನಾವು ಈಗ ಮಾಡುತ್ತಿರುವುದು

ಹೊಸ ಪಾಠಗಳಿಗೆ ನಾವು ಒಂದು ಕ್ರಮ ಹಾಕಿಕೊಂಡಿದ್ದೇವೆ.

1. ಚಿತ್ರೀಕರಣ 1920 × 1080, 25 ಫ್ರೇಮ್, ಶಟರ್ 1/50. ಮೊಬೈಲಿನ ಫ್ರೇಮ್ ವೇಗ ಸಮನಾಗಿರದೆ ಏರಿಳಿಯುವುದುಂಟು, ಆಗ ಮಾತು, ತುಟಿ ಹೊಂದುವುದಿಲ್ಲ. ಎಡಿಟಿಂಗಿಗೆ ಮೊದಲು ಹ್ಯಾಂಡ್‌ಬ್ರೇಕ್‌ನಲ್ಲಿ ಉತ್ತಮ ಗುಣಮಟ್ಟ ಇಟ್ಟು ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿ ಸಮ ಮಾಡಿಕೊಳ್ಳುತ್ತೇವೆ. ಮೊಬೈಲಿನ ಮೂಲ ಫೈಲನ್ನು ಅಳಿಸುವುದಿಲ್ಲ.

2. ಎಡಿಟಿಂಗ್ ಕೆಡೆನ್‌ಲೈವ್‌ನಲ್ಲಿ. ಅಕ್ಷರಗಳನ್ನು ಪರದೆಯ ಪ್ರತಿ ಅಂಚಿನಿಂದ ಶೇಕಡಾ 5ರಷ್ಟು ಒಳಗೆ ಇಡುತ್ತೇವೆ, ಕೆಲವು ಟಿವಿಗಳು ಅಂಚು ಕತ್ತರಿಸುತ್ತವೆ. ಒತ್ತಕ್ಷರ ಸ್ಪಷ್ಟ ಕಾಣುವಷ್ಟು ದೊಡ್ಡ ಅಕ್ಷರ.

3. ಮುಗಿದ ಮೇಲೆ ಎರಡು ಮಾಸ್ಟರ್: ಅಕ್ಷರ ಇರುವುದು, ಇಲ್ಲದ್ದು. ಪ್ರೋರೆಸ್ 422 ಅಥವಾ ಎಫ್‌ಎಫ್‌ವಿ1, ಧ್ವನಿ ಕುಗ್ಗಿಸದೆ 48 ಕಿಲೋಹರ್ಟ್ಸ್.

4. ಆ ಮಾಸ್ಟರಿನಿಂದ ಮಾತ್ರ ಉಳಿದ ಪ್ರತಿಗಳು. ಟಿವಿಗೆ ಅವರ ಚೀಟಿಯ ಪ್ರಕಾರ, ಯೂಟ್ಯೂಬಿಗೆ 8 ಮೆಗಾಬಿಟ್ ಎಂಪಿ4, ವಾಟ್ಸಾಪಿಗೆ ಚಿಕ್ಕದು. ವಾಟ್ಸಾಪಿನಲ್ಲಿ ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಅದು ಮತ್ತೆ ಕುಗ್ಗಿಸುವುದಿಲ್ಲ.

5. ಕಳಿಸುವ ಮೊದಲು ಒಬ್ಬರು ಮೊದಲಿನಿಂದ ಕೊನೆಯವರೆಗೆ ಕೂತು ನೋಡುವುದು. ಮಾಡಿದವರಲ್ಲ, ಬೇರೆಯವರು. ಒಮ್ಮೆ ದೊಡ್ಡ ಟಿವಿಯಲ್ಲಿ, ಒಮ್ಮೆ ಅಗ್ಗದ ಮೊಬೈಲಿನಲ್ಲಿ.

6. ಮೂರು ಪ್ರತಿ: ಶಾಲೆಯ ಹಾರ್ಡ್ ಡಿಸ್ಕ್, ಒಬ್ಬ ಟೀಚರ ಮನೆಯ ಹಾರ್ಡ್ ಡಿಸ್ಕ್, ಇಂಟರ್‌ನೆಟ್ಟಿನ ಸಂಗ್ರಹ. ಒಂದು ಸಿಡಿಲಿಗೆ ಎಲ್ಲವೂ ಹೋಗಬಾರದು.

18.3 ಜಿಬಿಯ ಲೆಕ್ಕದಲ್ಲಿ ಎರಡೆರಡು ಮಾಸ್ಟರ್ ಇಟ್ಟರೂ ಒಂದು ಟೆರಾಬೈಟ್ ಡಿಸ್ಕಿನಲ್ಲಿ 25ಕ್ಕೂ ಹೆಚ್ಚು ಪಾಠ ಹಿಡಿಯುತ್ತದೆ. ಒಂದು ವರ್ಷದ ಕೆಲಸ ಒಂದು ಅಂಗೈಯಲ್ಲಿ.

ತರಗತಿಯಲ್ಲಿ ಮಾಡಿಸಿ

ಮಕ್ಕಳಿಗೆ ಇದನ್ನು ತೋರಿಸುವುದು ಸುಲಭ. ‘ದ್ರವ್ಯ’, ‘ದ್ರವ’, ‘ಸಾಂದ್ರತೆ’, ‘ವಿದ್ಯುತ್’ ಎಂದು ಕೆಂಪು-ನೀಲಿಯಲ್ಲೂ ಹಳದಿ-ನೀಲಿಯಲ್ಲೂ ಬರೆದು ಹತ್ತು ಸೆಕೆಂಡ್ ಚಿತ್ರೀಕರಿಸಿ. ಕಂಪ್ಯೂಟರಿನಲ್ಲಿ ಅದನ್ನು ಕಡಿಮೆ ಬಿಟ್‌ರೇಟ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ. ಬಂದ ಫೈಲನ್ನೇ ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಹೀಗೆ ಐದು ಸಲ. ಎಷ್ಟನೆಯ ಪ್ರತಿಯಲ್ಲಿ ಯಾವ ಒತ್ತು ಮಾಯವಾಯಿತು ಎಂದು ಮಕ್ಕಳು ಪಟ್ಟಿ ಮಾಡಲಿ. ಆಮೇಲೆ ಮೊದಲ ಫೈಲಿನಿಂದಲೇ ಐದು ಪ್ರತಿ ತೆಗೆದು ಹೋಲಿಸಲಿ. ಮಾಸ್ಟರ್ ಅಂದರೆ ಏನು ಎಂದು ಮತ್ತೆ ಹೇಳಬೇಕಾಗಿ ಬರುವುದಿಲ್ಲ.

ಹಿರಿಯ ಮಾಷ್ಟ್ರನ್ನು ಈ ಸಲ ಮತ್ತೆ ಲ್ಯಾಬಿಗೆ ಕರೆದಿದ್ದೇವೆ. ಐದರಲ್ಲಿ ಎರಡು ಪಾಠ ಮಾಡಿಕೊಡುತ್ತೇನೆ ಎಂದಿದ್ದಾರೆ, ಮೂರಕ್ಕೆ ಈಗ ನಿಂತು ಮಾಡುವಷ್ಟು ಶಕ್ತಿ ಇಲ್ಲವಂತೆ. ಆ ಮೂರು ವಾಟ್ಸಾಪಿನ ಮಸುಕಿನಲ್ಲೇ ಉಳಿಯುತ್ತವೆ. ನಿಮ್ಮ ಶಾಲೆಯಲ್ಲೂ ಅಂಥ ಒಬ್ಬರು ಇರಬಹುದು, ಅವರ ಪಾಠ ಯಾರದೋ ಹಳೆಯ ಮೊಬೈಲಿನಲ್ಲಿ ಇನ್ನೂ ಪೂರ್ತಿ ಇರಬಹುದು. ಆ ಕಾರ್ಡನ್ನು ಖಾಲಿ ಮಾಡುವ ಮುಂಚೆ ಒಮ್ಮೆ ತೆರೆದು ನೋಡಿ.